ಗಣಿತ ಬ್ಯಾಡ, ಸ್ವೆಟರ್ ಇರ್ಲಿ

ನಮ್ಮವ್ವನಿಗೆ ಏನನ್ನಾದರೂ ಬಿಟ್ಟು ಬಾ ಎಂದರೆ ಪ್ರಾಣಸಂಕಟ. ಹಿರೇಬೆಂಡಿಗೇರಿಯಿಂದ ಸವಣೂರಿಗೆ, ಅವಳ ತಮ್ಮನ ಮನೆಗೆ ಒಂದು ಹೊತ್ತಿನ ಊಟಕ್ಕೆ ಹೊರಟರೂ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೊಡೆ, ನಡುಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲೇಬೇಕು. “ಉಣ್ಣಾಕ ಹೊಂಟೇವಿ, ರೊಟ್ಟಿ ಯಾಕಬೇ?” ಎಂದರೆ ಒಂದೇ ಉತ್ತರ: “ಇರ್ಲಿ.” ಈ ಶಬ್ದದ ಎದುರು ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ. ಹೋದ ವರ್ಷ ನಾನು ಗೆದ್ದೆ. ಗೆದ್ದದ್ದು ನಾನೇ ಹೌದೋ ಅಲ್ಲವೋ, ಕಡೆಗೆ ನೀವೇ ಹೇಳಿ.

ಹತ್ತನೆಯ ತರಗತಿ ಪಾಸಾಗಿ, ಡಾಕ್ಟರ್ ಆಗುತ್ತೇನೆಂದು ಬಾಯಿಬಿಟ್ಟ ದಿನವೇ ನನ್ನ ವೈದ್ಯವೃತ್ತಿ ಶುರುವಾಗಿಬಿಟ್ಟಿತು. ಮೊಸರಿಗೆ ಹೆಪ್ಪು ಕೇಳಲು ಬಂದ ಅಜ್ಜಿ ಮೊಣಕಾಲು ತೋರಿಸಿ ಹೋದಳು. ಪಕ್ಕದ ಮನೆಯ ಕಾಕಾ ಬಾಗಿಲಲ್ಲಿ ನಾಲಿಗೆ ಚಾಚಿ ನಿಂತರು. ನಾನಿನ್ನೂ ಪಿಯುಸಿಗೆ ಸೇರಿರಲೇ ಇಲ್ಲ. ಆದರೂ ಹುಬ್ಬು ಗಂಟಿಕ್ಕಿ, “ಬಿಸಿನೀರು ಕುಡೀರಿ” ಎಂದೆ. ಇಲ್ಲಿಯವರೆಗೆ ಯಾರೂ ಜಗಳಕ್ಕೆ ಬಂದಿಲ್ಲ.

ತೊಡಕು ಇದ್ದದ್ದು ಗಣಿತದ್ದು. ಗಣಿತಕ್ಕೂ ನನಗೂ ದ್ವೇಷವೇನಿಲ್ಲ, ಎದುರಾದರೆ ಇಬ್ಬರೂ ಓಣಿ ಬದಲಿಸುತ್ತೇವೆ, ಅಷ್ಟೇ. ಡಾಕ್ಟರಾಗಲು ಬರೆಯಬೇಕಾದ ನೀಟ್ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇವೆ, ಗಣಿತವಿಲ್ಲ. ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಅದರ ಬದಲು ಗೃಹವಿಜ್ಞಾನ ತೆಗೆದುಕೊಳ್ಳಬಹುದೆಂದು ತಿಳಿದಾಗ ಅಂಗಳದಲ್ಲೇ ಕುಣಿದೆ. ಅವ್ವ ಹಣೆಗೆ ಕೈ ಹಚ್ಚಿಕೊಂಡಳು.

“ಡಾಕ್ಟರ್ ಆಗ್ತೇನಿ ಅಂದಾಕಿ ಅಡಗಿ ಕಲಿಯಾಕ ಹಾನಗಲ್ಲಿಗೆ ಹೊಂಟೀಯೇನ? ಅದನ್ನ ನಾ ಇಲ್ಲೇ ಕಲಿಸ್ತಿದ್ನಲ್ಲ!”

ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಮಾವನೂ ಫೋನಿನಲ್ಲಿ ತಂಗಳು ಬುದ್ಧಿವಾದ ಬಡಿಸಿದ. “ಗಣಿತ ಇರ್ಲಿ ಬಿಡವಾ. ಡಾಕ್ಟರಕಿ ತಪ್ಪಿದ್ರ ಇಂಜಿನಿಯರ್ ಆಗಾಕರ ಬರತೈತಿ.” ನನಗೆ ಚುಚ್ಚಿದ್ದು ಅಲ್ಲಿ. ರೊಟ್ಟಿಯ ‘ಇರ್ಲಿ’ ಬೇರೆ, ಈ ‘ಇರ್ಲಿ’ ಬೇರೆ. ಇದರೊಳಗೆ ನಾನು ಸೋಲುತ್ತೇನೆಂಬುದು ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಇವಳು ಡಾಕ್ಟರ್ ಆಗಿಯೇ ಆಗುತ್ತಾಳೆ ಎಂದು ಮನೆಯಲ್ಲಿ ಒಬ್ಬರಾದರೂ ಅನ್ನಲೆಂದು ನನ್ನ ಜೀವ ಹಂಬಲಿಸುತ್ತಿತ್ತು.

ನ್ಯಾಯವಾಗಿ ನೋಡಿದರೆ ಜೀವಶಾಸ್ತ್ರ ಅವ್ವನ ಪಕ್ಷವೇ. ಒಂದು ಮೂತ್ರಪಿಂಡದಲ್ಲಿ ಬದುಕು ಸಾಗುತ್ತದಾದರೂ ನಮ್ಮ ಮೈಯಲ್ಲಿ ಎರಡಿವೆ. ಅಪೆಂಡಿಕ್ಸ್ ಯಾತಕ್ಕೆಂದು ಪಂಡಿತರು ಇನ್ನೂ ತಕರಾರು ಮಾಡುತ್ತಿದ್ದಾರಂತೆ. ಬ್ರಹ್ಮನೂ ನಮ್ಮನ್ನು ಕಳಿಸುವಾಗ ಹೊಸ್ತಿಲಲ್ಲಿ ತಡೆದು, ‘ಇರ್ಲಿ’ ಎಂದು ಒಂದೆರಡು ಸಾಮಾನು ತುರುಕಿರಬೇಕು. ಇದನ್ನು ಅವ್ವನಿಗೆ ಮಾತ್ರ ಹೇಳಲಿಲ್ಲ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಗುತ್ತಿತ್ತು.

ಪ್ರವೇಶದ ದಿನ ಅವ್ವ, ನಾನು ಮತ್ತು ಚೀಲ ಹಾನಗಲ್ಲಿಗೆ ಹೋದೆವು. ಕಾಲೇಜಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಮಾಸ್ತರರು ನನ್ನ ವಿಷಯಗಳನ್ನು ಕೇಳಿ ಕನ್ನಡಕ ಇಳಿಸಿದರು.

“ಗಣಿತ ಇರ್ಲಿ, ತಗೋವಾ. ನಾಳೆ ಡಾಕ್ಟರ್ ಸೀಟ್ ಸಿಗಲಿಲ್ಲಂದ್ರ?”

ಅವ್ವನ ಮಂತ್ರ ಅವರ ಬಾಯಲ್ಲಿ! ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆದರೆ ತನ್ನ ಮಾತನ್ನೇ ಹೊರಗಿನವರ ಬಾಯಲ್ಲಿ ಕೇಳಿ ಅವ್ವನಿಗೆ ಏನಾಯಿತೋ, ಸೆರಗು ಬಿಗಿದು ಮುಂದೆ ಬಂದಳು.

“ಯಾಕ ಸಿಗೂದಿಲ್ರೀ ಸರ? ನಮ್ಮ ಹುಡುಗಿಗೆ ಸಿಕ್ಕ ಸಿಗತೈತಿ. ಗಣಿತ ಬ್ಯಾಡ. ತಗದ ಬಿಡ್ರಿ.”

ಬ್ಯಾಡ! ಅವ್ವನ ಬಾಯಲ್ಲಿ ಬ್ಯಾಡ! ಬಸ್ ನಿಲ್ದಾಣದವರೆಗೆ ನಾನು ನಡೆದೆನೋ ಹಾರಿದೆನೋ ನೆನಪಿಲ್ಲ. ಚೀಲದೊಳಗಿನ ರೊಟ್ಟಿ ಅವತ್ತು ಹೋಳಿಗೆಗಿಂತ ರುಚಿಯಾಗಿತ್ತು.

ಕಾಲೇಜು ಶುರುವಾದಾಗ ಹಾನಗಲ್ಲಿನ ಹಾಸ್ಟೆಲಿಗೆ ಬಂದು, ಅವ್ವ ತುಂಬಿಕೊಟ್ಟ ಟ್ರಂಕು ಬಿಚ್ಚಿದರೆ ತಳದಲ್ಲಿ ನನ್ನ ಹಳೆಯ ಕಂಪಾಸ್ ಪೆಟ್ಟಿಗೆ, ಅದರ ಕೆಳಗೆ ಆ ಸ್ವೆಟರ್! ಒಬ್ಬಳೇ ಕೂತು ಹೊಟ್ಟೆ ಹಿಡಿದು ನಕ್ಕೆ. ಮುಂದೆ ಜೀವಶಾಸ್ತ್ರದ ಲ್ಯಾಬಿನಲ್ಲಿ ಉಳ್ಳಾಗಡ್ಡಿಯ ಪೊರೆ ಎತ್ತಿ ಗಾಜಿನ ಮೇಲಿಡಬೇಕಾದಾಗ ನಮ್ಮ ಮೇಜಿಗೆ ಸೂಜಿ ಸಾಲದಾಯಿತು. ಕಂಪಾಸಿನ ಮೊನೆಯಿಂದ ಎತ್ತಿದೆ. ಸೂಕ್ಷ್ಮದರ್ಶಕದಲ್ಲಿ ಸಾಲುಸಾಲು ಜೀವಕೋಶಗಳು ಕಂಡಾಗ ಕಿರುಚಿಯೇಬಿಟ್ಟೆ.

ಸಂಜೆ ಫೋನು ಮಾಡಿ, “ಅವ್ವಾ, ಕಂಪಾಸ್ ಕೆಲಸಕ್ಕ ಬಂತಬೇ! ಆದ್ರ ಇಲ್ಲೇನ ಥಂಡಿ ಐತೆಂತ ಸ್ವೆಟರ್ ಇಟ್ಟಿ?” ಎಂದು ಕೆಣಕಿದೆ.

“ಇರ್ಲಿ,” ಎಂದಳು. “ಆಪರೇಷನ್ ಮಾಡೂ ಖೋಲ್ಯಾಗ ಏಸಿ ಭಾಳ ಥಂಡಿ ಇರತೈತೆಂತ. ಮುಂದ ನಿನಗ ಬೇಕಾಗತೈತಿ.”

ನಾನಿನ್ನೂ ಉಳ್ಳಾಗಡ್ಡಿಯನ್ನು ಮಾತ್ರ ಕೊಯ್ದಿದ್ದೇನೆ. ಆದರೆ ಆ ಸ್ವೆಟರ್ ಬಿಟ್ಟು ಇನ್ನು ನಾನು ಎಲ್ಲಿಗೂ ಹೋಗುವವಳಲ್ಲ.