ಹರಕೆಯಲ್ಲದ ನಡಿಗೆ

ಅದಿರಿಗೆ ಚಿನ್ನದ ಬೆಲೆ ಬಂದ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಯಾರೂ ಸುಮ್ಮನೆ ತಿರುಗಾಡುತ್ತಿರಲಿಲ್ಲ. ತಿರುಗುವವರು ಪ್ಲಾಟು ನೋಡುತ್ತಿದ್ದರು, ಪ್ಲಾಟು ತೋರಿಸುತ್ತಿದ್ದರು, ಇಲ್ಲವೇ ಲಾರಿ ಕೊಳ್ಳುತ್ತಿದ್ದರು. ನನಗೆ ಲೆಕ್ಕ ಕಲಿಸಿದ ಮೇಷ್ಟ್ರು ಕೂಡ ಸೀಮೆಸುಣ್ಣ ಬಿಟ್ಟು ಎರಡು ಮೊಬೈಲು ಹಿಡಿದಿದ್ದರು. ಇಂಥ ಊರಲ್ಲಿ ನಾನು ಕಲೆಗೆ ಸ್ಫೂರ್ತಿ ಹುಡುಕುತ್ತ ಬೀದಿ ಬೀದಿ ಅಲೆದೆ.

ಅಲೆಯಿರಿ ಅಂದವರು ಹಂಪಿಯಲ್ಲಿ ಶಿಬಿರ ನಡೆಸಲು ಬೆಂಗಳೂರಿನಿಂದ ಬಂದಿದ್ದ ಒಬ್ಬ ಕಲಾವಿದರು. ‘ನಗರವನ್ನು ಪಾದಗಳಿಂದ ಓದಬೇಕು’ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ತಾವು ಮಾತ್ರ ಎಸಿ ಕಾರಿನಲ್ಲಿ ಗಾಜು ಏರಿಸಿಕೊಂಡೇ ಓದಿದರು. ಶಿಬಿರದ ಕೊನೆಯ ದಿನ ನಾವೆಲ್ಲ ನಮ್ಮ ದೇಹವನ್ನೇ ಬಳಸಿ ಒಂದು ಪ್ರದರ್ಶನ ಕೊಡಬೇಕಿತ್ತು. ಕಾಗದದ ಮೇಲೆ ಚಿತ್ರ ಬರೆಯುವುದು ಹಳೆಯ ಕಾಲದ್ದಾಯಿತಂತೆ. ನನಗೆ ಸ್ವಲ್ಪ ಬೇಜಾರಾಯಿತು, ಯಾಕೆಂದರೆ ಅದನ್ನು ನಾನು ಆಗಷ್ಟೇ ಕಲಿತು ಮುಗಿಸಿದ್ದೆ.

ಮೊದಲ ದಿನ ರೈಲ್ವೆ ಸ್ಟೇಷನ್ನಿನ ಹಿಂದೆ ನಿಂತು ಒಂದು ಬೇವಿನ ಮರ ಬರೆದೆ. ಇಬ್ಬರು ಬಂದು ಹೆಗಲ ಮೇಲಿಂದ ಇಣುಕಿದರು.

“ಮೇಡಮ್ಮಾರೇ, ಇಲ್ಲೇನು ಬರ್ತೈತ್ರಿ? ಲಾಡ್ಜೋ, ಪೆಟ್ರೋಲ್ ಬಂಕೋ?”

ಏನೂ ಬರಲ್ಲ, ಮರ ಬರೀತಿದ್ದೀನಿ ಅಂದೆ. ನಂಬುವುದಕ್ಕೆ ಅವರೇನು ದಡ್ಡರೇ? ಮರುದಿನ ಆ ಜಾಗದ ರೇಟು ಏರಿದೆ ಎಂಬ ಸುದ್ದಿ ನಮ್ಮ ಓಣಿಗೇ ಬಂತು.

ಆದರೂ ಅಲೆದದ್ದು ದಂಡವಾಗಲಿಲ್ಲ. ಬೇವಿನ ಎಲೆ ಕೆಂಪಗಿತ್ತು. ಹಗ್ಗದ ಮೇಲೆ ಒಣಗಿದ ಪಂಚೆ ಕೆಂಪು, ಎಮ್ಮೆ ಕೆಂಪು, ಟ್ರಾಫಿಕ್ ಪೊಲೀಸನ ಮೀಸೆಯೂ ಕೆಂಪು. ಸಂಡೂರಿನ ಗುಡ್ಡಗಳು ಲಾರಿ ಏರಿ, ನಮ್ಮೂರ ನಡುವೆ ಹಾದು, ಹಡಗು ಹತ್ತಲು ಹೋಗುತ್ತಿದ್ದವು. ಹೋಗುವಾಗ ಅಷ್ಟಿಷ್ಟು ನಮ್ಮ ಅನ್ನದಲ್ಲಿ ಬಿಟ್ಟುಹೋಗುತ್ತಿದ್ದವು. ಊರಿನವರು ಅದನ್ನು ಅಭಿವೃದ್ಧಿ ಅನ್ನುತ್ತಿದ್ದರು, ಕೆಮ್ಮುತ್ತ. ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ನನ್ನ ಪ್ರದರ್ಶನ ಹೊಳೆಯಿತು. ಬಿಳಿ ಸೀರೆ ಉಟ್ಟು, ಬರಿಗಾಲಲ್ಲಿ, ಒಂದು ಮಾತೂ ಆಡದೆ ಸಂಡೂರು ರಸ್ತೆಯ ಲಾರಿ ಸಾಲಿನ ಪಕ್ಕದಿಂದ ಹೊರಟು, ಊರು ದಾಟಿ ಹಂಪಿಯವರೆಗೆ ನಡೆಯುವುದು. ಸೀರೆಗೆ ಬಣ್ಣ ಹಾಕುವ ಕೆಲಸ ಲಾರಿಗಳದ್ದು.

ಅವ್ವನಿಗೆ ಇದನ್ನು ವಿವರಿಸಿದೆ. ಅಪ್ಪ ತೀರಿಕೊಂಡ ಮೇಲೆ ಊರಂಚಿನ ಚಿತ್ತವಾಡ್ಗಿಯ ನಮ್ಮ ಕಿರಾಣಿ ಅಂಗಡಿಯನ್ನು ನಡೆಸುತ್ತಿದ್ದವಳು ಅವಳೇ. ಮಂಡಕ್ಕಿ ಅಳೆಯುತ್ತಲೇ ಕೇಳಿಸಿಕೊಂಡಳು.

“ಅದಕ್ಕ ಅಷ್ಟು ದೂರ ಯಾಕ ನಡೀಬೇಕು? ಅಂಗಡಿ ಮುಂದ ಕುಂದ್ರು, ಮಧ್ಯಾಹ್ನದಾಗ ಸೀರಿ ಕೆಂಪ ಆಗ್ತೈತಿ” ಅಂದಳು. ನಾನು ಮುಖ ಊದಿಸಿಕೊಂಡಿದ್ದು ನೋಡಿ ತಕ್ಕಡಿ ಕೆಳಗಿಟ್ಟಳು. “ನೋಡವಾ, ಮಂದಿ ಕೇಳ್ತಾರ, ನಿಮ್ಮ ಮಗಳು ಏನ್ ಮಾಡ್ತಾಳ ಅಂತ. ನನಗ ಹೇಳಾಕ ಒಂದು ಮಾತು ಸಿಗವಲ್ದು. ಇದೊಂದು ಸಲ ಮಾಡು. ನಾಕು ಮಂದಿ ಮುಂದ ಹೇಳೋ ಹಂಗ ಇದ್ರ ಮುಂದುವರಿಸು. ಇಲ್ಲಂದ್ರ ಆ ಹುಚ್ಚು ಬಿಟ್ಟು ನನ್ನ ಜೊತಿ ಅಂಗಡ್ಯಾಗ ಕುಂದ್ರು.”

ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ.

ಶಿಬಿರದ ಕೊನೆಯ ದಿನ ಬೆಳಿಗ್ಗೆ ಲಾರಿಗಳ ಪಕ್ಕ ನಡೆಯತೊಡಗಿದೆ. ಮೊದಮೊದಲು ಎಲ್ಲ ಚೆನ್ನಾಗಿತ್ತು, ಅಂದರೆ ಯಾರೂ ನೋಡಲಿಲ್ಲ. ಸೆರಗು ಕೆಂಪಾಗುತ್ತ ಬಂತು. ಊರೊಳಗೆ ಕಾಲಿಟ್ಟಿದ್ದೇ ತಡ, ಮನೆಯ ಮುಂದೆ ನಿಂತಿದ್ದ ಒಬ್ಬ ಹೆಂಗಸು ಕೊಡ ಹಿಡಿದು ಓಡಿ ಬಂದಳು.

“ತಾಯೀ, ಒಂಚೂರು ನಿಂದರ್ರಿ. ಕಾಲು ಸುಡ್ತಿರಬೇಕು” ಎಂದು ಕೊಡದ ನೀರನ್ನೆಲ್ಲ ನನ್ನ ಕಾಲಿಗೆ ಸುರಿದಳು.

ಬರಿಗಾಲು, ಬಿಳಿ ಸೀರೆ, ಬಾಯಿಗೆ ಬೀಗ. ಹರಕೆ ಹೊತ್ತವಳಲ್ಲದೆ ಇನ್ಯಾರು? ಅಲ್ಲ ಎಂದು ಹೇಳೋಣವೆಂದರೆ ಮಾತಾಡಬಾರದೆಂಬ ನಿಯಮ ನಾನೇ ಹಾಕಿಕೊಂಡಿದ್ದು. ಓಣಿ ಓಣಿಯಲ್ಲೂ ಕೊಡಗಳು ಕಾದಿದ್ದವು. ಲಾರಿಗಳು ಕಷ್ಟಪಟ್ಟು ಬಣ್ಣ ಹಚ್ಚುತ್ತಿದ್ದವು, ಭಕ್ತರು ಭಕ್ತಿಯಿಂದ ತೊಳೆಯುತ್ತಿದ್ದರು. ಒಬ್ಬಾಕೆ ಸೆರಗನ್ನೇ ಹಿಂಡಿ ಕೊಟ್ಟಳು. ಹಣೆಗೆ ವಿಭೂತಿ ಬಿತ್ತು, ಕೊರಳಿಗೆ ಹಾರ ಬಿತ್ತು, ಹಿಂದೆ ಒಂದು ದೊಡ್ಡ ಗುಂಪು ಕೂಡಿತು.

ಆಮೇಲೆ ದೊಡ್ಡದೊಂದು ಕಾರು ನಿಂತು, ಬಿಳಿ ಬಟ್ಟೆಯ ಒಬ್ಬ ಗಣಿ ಧಣಿ ಇಳಿದ. ಚಪ್ಪಲಿ ಬಿಟ್ಟು ನಡುರಸ್ತೆಯಲ್ಲೇ ಬಗ್ಗಿದ.

“ಅಮ್ಮಾರೇ, ಗುಡ್ಡದಾಗ ಹೊಸಾ ಕೆಲ್ಸ ಚಾಲೂ ಮಾಡೀನಿ. ಮಾಲು ಮಸ್ತ್ ಬರ್ಲಿ ಅಂತ ಹರಸ್ರಿ.”

ಬೇಡ, ನಿಲ್ಲಿಸು ಎಂದು ನಾನು ಅಂಗೈ ಎತ್ತಿದೆ. ಅವನು ಧನ್ಯನಾದ. ಗಣಿಗಳ ವಿರುದ್ಧ ಹೊರಟ ನನ್ನ ಕಲೆ ಒಂದು ಗಣಿಯನ್ನು ಆಶೀರ್ವದಿಸಿ ಮುಂದೆ ನಡೆಯಿತು.

ಸುದ್ದಿ ಚಿತ್ತವಾಡ್ಗಿ ಮುಟ್ಟಿ, ಅವ್ವ ಆಟೋದಲ್ಲಿ ಬಂದಿಳಿದಳು. ಗುಂಪು ಅವಳಿಗೆ ದಾರಿ ಬಿಟ್ಟಿತು. ಅಂಗಡಿಗೆ ಸಾಮಾನು ಕೊಡುವ ಹೋಲ್‌ಸೇಲ್ ಸಾಹುಕಾರರ ಹೆಂಡತಿ, ಯಾವತ್ತೂ ಅವ್ವನನ್ನು ಕಣ್ಣೆತ್ತಿ ನೋಡದವರು, ಅವ್ವನ ಕೈ ಹಿಡಿದರು.

“ನಿಮ್ಮ ಹೊಟ್ಟೀ ತಣ್ಣಗಿರ್ಲಿ ಅಕ್ಕಾರೇ. ಇಂಥಾ ಮಗಳು ಯಾರಿಗೆ ಸಿಗ್ತಾಳ? ಏನ್ ಹರಕಿ?”

ಅವ್ವನ ಮುಖ ಅರಳಿದ್ದನ್ನು ಕಂಡೆ. ಅಪ್ಪ ಹೋದ ಮೇಲೆ ಅವಳನ್ನು ಯಾರೂ ಹಾಗೆ ಮಾತಾಡಿಸಿರಲಿಲ್ಲ. ನಾಲ್ಕು ಮಂದಿಯಲ್ಲ, ಅರ್ಧ ಊರೇ ಅವಳೆದುರು ನಿಂತಿತ್ತು. ಹೌದು ಅಂದುಬಿಡವ್ವ, ಇಬ್ಬರೂ ಗೆಲ್ಲೋಣ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ಕಲೆ ಅಷ್ಟು ಅಗ್ಗಕ್ಕೆ ಬಿಕರಿಗಿತ್ತು.

ಅವಳು ನನ್ನ ಸೀರೆಯ ಕಡೆ ನೋಡಿದಳು. ಅಲ್ಲಲ್ಲಿ ತೊಳೆದು, ಅಲ್ಲಲ್ಲಿ ಕೆಂಪುಳಿದು ಅದು ನೆಲ ಒರೆಸುವ ಬಟ್ಟೆಯ ಹಾಗಾಗಿತ್ತು. ಇನ್ನೊಬ್ಬಾಕೆ ಕೊಡ ಎತ್ತಿದಳು. ಅವ್ವ ಅದಕ್ಕೆ ಕೈ ಅಡ್ಡ ಹಿಡಿದಳು.

“ನೀರು ಹಾಕಬ್ಯಾಡ್ರಿ. ಆಕಿ ಹರಕಿ ಹೊತ್ತಿಲ್ಲ.”

“ಮತ್ತ?”

“ಸೀರಿ ಮ್ಯಾಲ ಧೂಳ ಕುಂದ್ರಬೇಕು. ಅದಕ್ಕ ನಡ್ಯಾಕ ಹತ್ಯಾಳ. ಅದು ಆಕಿ ಕೆಲ್ಸ.”

“ಇದೆಂಥಾ ಕೆಲ್ಸ? ಯಾಕಂತ?”

“ನನಗೂ ತಿಳಿದಿಲ್ಲ. ಆಕಿಗೆ ತಿಳದೈತಿ.”

ಕೆಲಸ ಎಂದು ತಿಳಿದದ್ದೇ ತಡ, ಗುಂಪು ಕರಗಿತು. ತೆಂಗಿನಕಾಯಿ ತಂದಾಕೆ ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಸಾಹುಕಾರರ ಹೆಂಡತಿ ಹಿಡಿದಿದ್ದ ಕೈ ಬಿಟ್ಟು, “ಆಕಿಗೆ ಜಲ್ದಿ ಒಂದು ಮದುವಿ ಮಾಡ್ರಿ” ಎಂದು ತಿರುಗಿ ನೋಡದೆ ಹೋದರು. ಗಣಿ ಧಣಿ ಮಾತ್ರ ಅಷ್ಟೊತ್ತಿಗೆ ದೂರ ಹೋಗಿದ್ದ. ಅವನ ಆಶೀರ್ವಾದ ವಾಪಸು ಪಡೆಯಲಾಗಲಿಲ್ಲ.

ಅವ್ವ ನನ್ನ ಕೊರಳಿನ ಹಾರ ತೆಗೆದು, ಸೆರಗು ಸರಿಮಾಡಿದಳು. “ನಡಿ. ಬಿಸಿಲು ಭಾಳ ಆಗ್ತೈತಿ” ಅಂದವಳೇ ಅಂಗಡಿ ತೆರೆಯಲು ಅದೇ ಆಟೋ ಹತ್ತಿದಳು.

ಅಲ್ಲಿಂದ ಹಂಪಿಯವರೆಗೆ ನನ್ನ ಹಿಂದೆ ಒಂದು ನಾಯಿಯೂ ಬರಲಿಲ್ಲ. ಊರು ದಾಟುವವರೆಗೂ ಲಾರಿಗಳು ತಮ್ಮ ಪಾಲಿನದನ್ನು ಧಾರಾಳವಾಗಿ ಕೊಟ್ಟವು. ನಾನು ಅಳುತ್ತ ನಡೆದೆ, ಒರೆಸಿಕೊಳ್ಳಲಿಲ್ಲ.

ಶಿಬಿರದಲ್ಲಿ ಕಲಾವಿದರು ನನ್ನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು. ಸೀರೆ ನೋಡಿ ತಲೆದೂಗಿದರು. ಕೊನೆಗೆ ಮುಖದ ಹತ್ತಿರ ನಿಂತು, ಕೆಂಪು ಧೂಳಿನ ನಡುವೆ ಕಣ್ಣಿಂದ ಗಲ್ಲದವರೆಗೆ ಇಳಿದಿದ್ದ ಎರಡು ಗೆರೆಗಳನ್ನು ಎಲ್ಲರಿಗೂ ಬೆರಳಿಟ್ಟು ತೋರಿಸಿದರು.

“ಇಡೀ ಪ್ರದರ್ಶನದ ಜೀವ ಈ ಗೆರೆಗಳಲ್ಲಿದೆ. ಬಹಳ ಯೋಚಿಸಿ ಮಾಡಿದ್ದೀರಿ. ಹೇಗೆ ಮಾಡಿದಿರಿ?”

ನಡಿಗೆ ಮುಗಿದಿತ್ತು, ಇನ್ನು ಮಾತಾಡಬಹುದಿತ್ತು.

“ನಾನಲ್ಲ, ನಮ್ಮವ್ವ ಮಾಡಿದ್ದು” ಅಂದೆ.