ಆಯುಧಪೂಜೆಯ ದಿನದ ನೊರೆ

ನಾನು ಓದು ಬಿಟ್ಟಿದ್ದು ೧೯೮೬ರಲ್ಲಿ. ಏಳನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರವೇ ಅಪ್ಪನ ಸೊಂಟ ಹಿಡಿದುಕೊಂಡಿತು. ಹಲಸೂರಿನ ದೋಬಿ ಘಾಟಿನಲ್ಲಿ ಒಗೆಯುವ ಕಲ್ಲು ಖಾಲಿ ಬಿದ್ದರೆ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಅವರಿಗಿಂತ ಮೊದಲು ನಾನೇ ಹೋಗಿ ನಿಂತೆ. ಅದಕ್ಕೆ ಇವತ್ತಿಗೂ ಬೇಸರವಿಲ್ಲ. ಪುಲಿಕೇಶಿನಗರದ ಹೋಟೆಲುಗಳ ಮೇಜುಬಟ್ಟೆ, ರಿಚರ್ಡ್ಸ್ ಟೌನಿನ ಮನೆಗಳ ಬಿಳಿ ಹಾಸುಗಳು ನನ್ನ ಕೈಯಿಂದ ಹೋದಷ್ಟು ಬೆಳ್ಳಗೆ ಯಾವ ಮೆಷಿನ್ನಿನಿಂದಲೂ ಹೋಗಿಲ್ಲ. ಇದು ಜಂಬವಲ್ಲ, ಗಿರಾಕಿಗಳೇ ಹೇಳಿದ ಮಾತು. ಸರಿ, ಸ್ವಲ್ಪ ಜಂಬವೂ ಹೌದು.

ಬ್ಲೀಚ್ ಎಷ್ಟು ಹಾಕಬೇಕೆಂಬುದು ಯಾರಿಗಾದರೂ ಬರುತ್ತದೆ. ಬಟ್ಟೆಯನ್ನು ಯಾವಾಗ ಹೊರಗೆ ತೆಗೆಯಬೇಕೆಂಬುದೇ ಕೆಲಸ. ಹೆಚ್ಚು ಹೊತ್ತು ಬಿಟ್ಟರೂ ಬಟ್ಟೆ ನೋಡಲು ಚೆನ್ನಾಗಿಯೇ ಇರುತ್ತದೆ, ಇನ್ನೂ ಬೆಳ್ಳಗೆ ಹೊಳೆಯುತ್ತದೆ. ಆದರೆ ನೂಲು ಒಳಗೇ ಸತ್ತಿರುತ್ತದೆ. ಗಿರಾಕಿಯ ಮನೆ ಸೇರಿದ ಮೇಲೆ ಒಂದು ದಿನ ಮಡಿಕೆಯ ಗೆರೆಯಲ್ಲಿ ಚರ್ರನೆ ಹರಿಯುತ್ತದೆ.

ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ನನ್ನ ಮೂಗಿನೊಳಗೆ ರಕ್ತ ಒಣಗಿ ಹಕ್ಕಳೆ ಕಟ್ಟತೊಡಗಿತು. ಪಕ್ಕದ ಕಲ್ಲಿನ ಗೆಳೆಯ ಮೊದಲು ನೋಡಿದ.

“ಏನ್ ಗುರು, ಮೂಗಿಗೆ ಕುಂಕುಮ ಇಟ್ಕೊಂಡ್ ಬಂದಿದೀಯ?”

“ಬ್ಲೀಚ್ ಗಾಳಿ ಕಣೋ.”

“ನಲವತ್ತು ವರ್ಷ ಕುಡಿದ ಗಾಳಿ ಇವತ್ತು ಕಚ್ತಾ?”

ನಕ್ಕು ಮುಂದಿನ ಹಾಸು ಎತ್ತಿಕೊಂಡೆ. ಕೆಮ್ಮು ಬಂದಾಗಲೂ ಬ್ಲೀಚ್ ಎಂದೆ. ಒದ್ದೆ ಹಾಸು ಎತ್ತುವಾಗ ತೋಳು ನಡುಗಿದರೆ ವಯಸ್ಸು ಎಂದೆ. ಸಂಜೆ ಕಾಲು ಊದಿದರೆ ದಿನವಿಡೀ ನೀರಲ್ಲಿ ನಿಲ್ಲುವವನ ಕಾಲು ಊದದೆ ಇನ್ನೇನಾಗುತ್ತದೆ ಎಂದೆ. ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು.

ಆಯುಧಪೂಜೆ ಬಂತು. ಆ ದಿನ ನಮ್ಮವರು ಸೋಪು ಮುಟ್ಟುವುದಿಲ್ಲ. ಘಾಟಿನ ಕಲ್ಲು, ತೊಟ್ಟಿ, ಇಸ್ತ್ರಿಪೆಟ್ಟಿಗೆಗಳಿಗೆಲ್ಲ ಅರಿಶಿನ ಕುಂಕುಮ. ರೇಷ್ಮೆ ಸೀರೆಗಳನ್ನು ನಾವು ಮನೆಯ ಬಚ್ಚಲಲ್ಲೇ ಒಗೆಯುತ್ತೇವೆ, ಅಲ್ಲಿನ ಬಕೆಟ್ಟುಗಳಿಗೂ ಬೊಟ್ಟು. ನನ್ನ ಹೆಂಡತಿ ಹಿಂದಿನ ದಿನವೇ ಬಚ್ಚಲನ್ನು ಉಜ್ಜಿ, ತೊಳೆದು, ಒಣಗಿಸಿ ಇಟ್ಟಿದ್ದಳು. ಬೆಳಿಗ್ಗೆ ನಾನು ಬಚ್ಚಲಿಗೆ ಹೋಗಿ ಬಂದ ಮೇಲೆ ಅವಳು ಒಳಗೆ ಹೋದಳು, ಹಾಗೇ ಹೊರಗೆ ಬಂದು ನಿಂತಳು.

“ರೀ, ಬಚ್ಚಲಲ್ಲಿ ಸೋಪು ಯಾಕೆ ಮುಟ್ಟಿದ್ರಿ ಇವತ್ತು?”

“ನಾನ್ಯಾಕೆ ಮುಟ್ಟಲಿ?”

“ಮತ್ತೆ ಆ ನೊರೆ ಎಲ್ಲಿಂದ ಬಂತು?”

“ಮೋರಿಲಿ ಹಳೇದು ಇರುತ್ತೆ. ಪೂಜೆ ಹೊತ್ತಲ್ಲಿ ಅದೇನೇ ನಿನ್ ಪತ್ತೇದಾರಿ!”

ಬೇರೆಯವರ ಮನೆಯಲ್ಲಾಗಿದ್ದರೆ ತಿಂಗಳ ಹಿಂದೆಯೇ ಕಣ್ಣಿಗೆ ಬೀಳುತ್ತಿತ್ತು. ನಮ್ಮ ಬಚ್ಚಲಲ್ಲಿ ನೊರೆ ಇಲ್ಲದ ದಿನವೇ ಇರಲಿಲ್ಲ. ಅವಳ ಮೇಲೆ ರೇಗಿದರೂ ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಾನೇ ನೋಡಿದೆ. ಮೂತ್ರ ಹಾಲಿಲ್ಲದ ಟೀಯ ಬಣ್ಣಕ್ಕಿತ್ತು. ಮೇಲೆ ದಪ್ಪ ನೊರೆ. ಒಂದು ಚೊಂಬು ನೀರು ಸುರಿದೆ. ಹೋಗಲಿಲ್ಲ. ಇನ್ನೊಂದು ಸುರಿದೆ. ಸೋಪಿನ ನೊರೆ ಯಾವುದು, ಅಲ್ಲದ್ದು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಹೊರಗೆ ಬಂದು ಬಾಯಿ ಬಿಡಲಿಲ್ಲ. ದೀಪಾವಳಿಗೆ ಹೋಟೆಲಿನ ಬಟ್ಟೆ ರಾಶಿ ಬಿದ್ದಿತ್ತು. ಒಂದು ಸಲವೂ ಮಾತು ತಪ್ಪಿದವನಲ್ಲ ನಾನು. ಹಬ್ಬ ಕಳೆಯಲಿ ಎಂದುಕೊಂಡೆ. ದಿನ ಕಳೆದಂತೆ ಬಣ್ಣ ಗಾಢವಾಯಿತು, ಮೂತ್ರ ಕಡಿಮೆಯಾಯಿತು. ಹೆಂಡತಿ ದಿನವೂ ನನ್ನ ಹಿಂದೆಯೇ ಬಚ್ಚಲಿಗೆ ಹೋಗಿ ಬರುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ನನಗೆ ಭಯವಾಯಿತು, ಆದರೂ ಕಲ್ಲಿನ ಮುಂದೆ ನಿಂತೆ. ನರಕಚತುರ್ದಶಿಯ ಹಿಂದಿನ ದಿನ ಘಾಟಿನಲ್ಲಿ ಕೆಮ್ಮಿದಾಗ ಬಿಳಿ ಹಾಸಿನ ಮೇಲೆ ರಕ್ತ ಬಿತ್ತು. ಗೆಳೆಯ ನಗಲಿಲ್ಲ. ಆಟೋ ಕರೆದ.

ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದರು, ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಮೂತ್ರಪಿಂಡದ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಏಳನೇ ಕ್ಲಾಸು ಎಂದು ತಿಳಿದಿದ್ದರೂ ನನ್ನನ್ನು ದಡ್ಡನಂತೆ ಕಾಣಲಿಲ್ಲ. ರಿಪೋರ್ಟಿನ ಹಿಂದೆ ಚಿತ್ರ ಬರೆದರು.

“ಯಜಮಾನ್ರೇ, ಬಿಳಿ ರಕ್ತಕಣದಲ್ಲಿ ಒಂದು ಕಿಣ್ವ ಇದೆ. ಮೈಲೋಪೆರಾಕ್ಸಿಡೇಸ್ ಅಂತ. ನೋಡಿ, ಒಂದೇ ಅಚ್ಚಿನ ಎರಡು ಅರ್ಧ, ಮಧ್ಯ ಒಂದೇ ಕೊಂಡಿ. ಒಂದೊಂದು ಅರ್ಧದಲ್ಲೂ ಒಂದು ಆಳದ ಗುಳಿ, ಗುಳಿಯ ತಳದಲ್ಲಿ ಕಬ್ಬಿಣ ಹಿಡ್ಕೊಂಡಿರೋ ಚಪ್ಪಟೆ ಬಿಲ್ಲೆ. ಬಿಲ್ಲೆ ಸ್ವಲ್ಪ ಬಾಗಿ ಗೋಡೆಗೆ ಬಿಗಿದಿರುತ್ತೆ, ಅದಕ್ಕೇ ಬಣ್ಣ ಹಸಿರು. ಕೀವು ಹಸಿರಾಗಿರುತ್ತಲ್ಲ, ಅದು ಇದರದ್ದೇ.”

“ಅದರ ಕೆಲಸ ಏನಮ್ಮಾ?”

“ಕಣ ರೋಗಾಣುನ ನುಂಗಿ ಒಂದು ಚೀಲದೊಳಗೆ ಹಾಕುತ್ತೆ. ಅಲ್ಲಿಗೆ ಪೆರಾಕ್ಸೈಡ್ ಬರುತ್ತೆ, ರಕ್ತದ ಉಪ್ಪೂ ಬರುತ್ತೆ. ಈ ಕಿಣ್ವ ಅವೆರಡನ್ನೂ ಸೇರಿಸಿ ಬ್ಲೀಚ್ ಮಾಡುತ್ತೆ. ರೋಗಾಣು ಸಾಯುತ್ತೆ.”

“ನಮ್ಮ ಬ್ಲೀಚಾ?”

“ಅದೇ ಜಾತಿ.”

ಹೆಂಡತಿ ನನ್ನ ಮುಖ ನೋಡಿದಳು. ಡಾಕ್ಟರು ಮುಂದುವರಿಸಿದರು. ನನ್ನ ದೇಹ ತನ್ನದೇ ಆ ಕಿಣ್ವವನ್ನು ಶತ್ರುವೆಂದು ತಿಳಿದಿದೆ. ಅದನ್ನು ಹಿಡಿಯಲು ಪ್ರತಿಕಾಯಗಳನ್ನು ತಯಾರಿಸಿದೆ. ಅವು ಬಿಳಿ ಕಣಕ್ಕೆ ಅಂಟಿದಾಗ ಕಣ ಕೆರಳಿ, ಚೀಲದೊಳಗೆ ಸುರಿಯಬೇಕಾದದ್ದನ್ನು ಸಣ್ಣ ರಕ್ತನಾಳದ ಗೋಡೆಗೇ ಸುರಿಯುತ್ತದೆ. ಮೂತ್ರಪಿಂಡದ ಜರಡಿಗಳೆಲ್ಲ ಅಂಥ ಸಣ್ಣ ನಾಳಗಳ ಗಂಟುಗಳು. ಗೋಡೆ ಹರಿದಲ್ಲಿ ರಕ್ತವೂ ಪ್ರೋಟೀನೂ ಸೋರುತ್ತವೆ. ನೊರೆ ಆ ಪ್ರೋಟೀನಿನದು. ಎದೆಯೊಳಗೂ ಅದೇ ನಡೆಯುತ್ತಿತ್ತು.

“ನಾನು ಕೈಯಾರೆ ಹಾಕಿದ ಬ್ಲೀಚಿನಿಂದ ಹೀಗಾಯ್ತಾ?” ಎಂದು ಕೇಳಿದೆ.

“ಹಾಗಂತ ಹೇಳೋಕಾಗಲ್ಲ. ಯಾಕೆ ಬರುತ್ತೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ನೊರೆ ಯಾವತ್ತಿಂದ ಇತ್ತು?”

ನಾನು ಹಬ್ಬದ ಹೊತ್ತಿಗೆ ಎಂದು ತೊದಲಿದೆ. ಯಾವ ಹಬ್ಬ ಎಂದು ಹೆಂಡತಿ ಹೇಳಿದಳು. “ಆಯುಧಪೂಜೆ ದಿನ ನಾನೇ ನೋಡಿದೆ ಡಾಕ್ಟ್ರೇ.”

ಡಾಕ್ಟರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಬೆರಳು ಮಡಚಿ ಎಣಿಸಲಿಲ್ಲ, ಆದರೆ ಎಣಿಸಿದರೆಂದು ನನಗೆ ತಿಳಿಯಿತು.

“ಇದು ವಾರಗಳ ಲೆಕ್ಕದಲ್ಲಿ ತಿನ್ನೋ ಕಾಯಿಲೆ. ಆಗಲೇ ಬಂದಿದ್ರೆ ಇನ್ನೂ ಒಂದಷ್ಟು ಜರಡಿ ಉಳೀತಿತ್ತು. ಈಗ ಚೂರಲ್ಲಿ ಕಂಡಿದ್ದು ಮುಕ್ಕಾಲು ಪಾಲು ಗಾಯದ ಕಲೆ.”

ಕೆರಳಿದ್ದನ್ನು ಅಡಗಿಸುವ ಔಷಧಿ ಕೊಟ್ಟರು. ಎದೆಯ ರಕ್ತ ನಿಂತಿತು. ಮೂತ್ರಪಿಂಡಗಳು ಏಳಲಿಲ್ಲ. ಆ ಔಷಧಿ ತೆಗೆದುಕೊಳ್ಳುವವನ ಮೈಗೆ ರೋಗಾಣು ಬೇಗ ಹತ್ತುತ್ತದಂತೆ. ಘಾಟಿನ ನೀರಿಗೆ ಇಳಿಯಬೇಡಿ ಎಂದರು. ಮನೆಗೆ ಬಂದ ದಿನ ಹೆಂಡತಿಗೆ, “ಆವತ್ತು ನಿನ್ ಮಾತು ಕೇಳ್ಬೇಕಿತ್ತು ಕಣೇ” ಎಂದೆ. ಅವಳು ಬೈಯಲಿ ಎಂದು ಕಾದೆ.

“ಮಾತ್ರೆ ತಗೊಳ್ಳಿ” ಎಂದಳು, ಅಷ್ಟೇ.

ಈಗ ನನಗೆ ಇರುವುದು ಇಷ್ಟು: ಕೆಲಸ ಮಾಡದ ಎರಡು ಮೂತ್ರಪಿಂಡ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಅದಕ್ಕಾಗಿ ನಾಳ ಹೊಲಿದ, ಭಾರ ಎತ್ತಬಾರದ ಒಂದು ಎಡಗೈ, ಎತ್ತಬಹುದಾದ ಒಂದು ಬಲಗೈ. ದಿನಕ್ಕೆ ಒಂಬತ್ತು ಮಾತ್ರೆ, ಮೂರು ಲೋಟ ನೀರು. ಒಬ್ಬಳು ಹೆಂಡತಿ, ಒಬ್ಬಳು ಮಗಳು. ಮೂರು ತಿಂಗಳಿಗೊಮ್ಮೆ ಒಂದು ರಕ್ತಪರೀಕ್ಷೆ; ಪ್ರತಿಕಾಯ ಮತ್ತೆ ಏರುತ್ತಿದೆ ಎಂದು ಕಳೆದ ಸಲ ಬಂದ ಒಂದು ರಿಪೋರ್ಟ್.