ಎಡಗೈಯ ಕುದುರೆ

ಯಾರಾದರೂ ಕತ್ತರಿ ಕೈಗೆತ್ತಿಕೊಂಡರೆ ನನ್ನ ಕಣ್ಣು ಬಟ್ಟೆಯ ಕಡೆಗಾಗಲಿ, ಕತ್ತರಿಸುವವರ ಮುಖದ ಕಡೆಗಾಗಲಿ ಹೋಗುವುದಿಲ್ಲ. ಕತ್ತರಿ ಯಾವ ಕೈಯಲ್ಲಿದೆ ಎಂಬುದನ್ನೇ ಮೊದಲು ಹುಡುಕುತ್ತದೆ. ಬಹುಪಾಲು ಸಲ ಅದು ಬಲಗೈ. ಅಪರೂಪಕ್ಕೊಮ್ಮೆ ಎಡಗೈ ಕಂಡುಬಿಟ್ಟರೆ, ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬೀದಿಯವರು ಎದುರಾದಷ್ಟು ಸಂತೋಷವಾಗಿ, ಗುರುತು ಪರಿಚಯವಿಲ್ಲದವರನ್ನು ನೋಡಿ ನಕ್ಕು, ಅವರು ಗಾಬರಿಯಾಗಿ ಸೆರಗು ಸರಿಮಾಡಿಕೊಂಡದ್ದೂ ಉಂಟು.

ನಾನು ಎಡಚಿ. ಗುಬ್ಬಿಯಲ್ಲಿ ನಾನು ಓದಿದ ಕಾಲಕ್ಕೆ ಇದೊಂದು ಗುಣವೆಂದು ಯಾರೂ ತಿಳಿದಿರಲಿಲ್ಲ. ತಿದ್ದಿದರೆ ಹೋಗುವ ದುರಭ್ಯಾಸವೆಂದು ತಿಳಿದು, ಮನೆಯಲ್ಲಿ ಅಮ್ಮನೂ ಶಾಲೆಯಲ್ಲಿ ಟೀಚರೂ ಸೇರಿ ತಿದ್ದಿದರು. ಬರವಣಿಗೆ ಮತ್ತು ಊಟ ಬಲಗೈಗೆ ಬಂದವು. ಉಳಿದದ್ದೆಲ್ಲ ಎಡಗೈಯಲ್ಲೇ ಉಳಿಯಿತು, ಆದರೆ ಬೆದರಿಕೊಂಡು, ಅರ್ಧಂಬರ್ಧವಾಗಿ ಉಳಿಯಿತು. ಎರಡೂ ಕೈಯಲ್ಲಿ ಕೆಲಸ ಬರುವವರನ್ನು ಸವ್ಯಸಾಚಿ ಎನ್ನುತ್ತಾರೆ. ಎರಡೂ ಕೈಯಲ್ಲಿ ಬಾರದವರಿಗೆ ಸಂಸ್ಕೃತದಲ್ಲಿ ಏನಾದರೂ ಹೆಸರಿದೆಯೋ ಇಲ್ಲವೋ ಅರಿಯೆ, ನಮ್ಮ ಮನೆಯಲ್ಲಂತೂ ‘ಪಾರ್ವತಿ’ ಎಂಬ ನನ್ನ ಹೆಸರನ್ನೇ ಆ ಅರ್ಥದಲ್ಲಿ ಬಳಸುತ್ತಿದ್ದರು.

ನನ್ನಕ್ಕ ಗಿರಿಜೆಯ ಕೈ ಇದಕ್ಕೆ ತದ್ವಿರುದ್ಧ. ಕ್ರೋಶಾ ಕಡ್ಡಿ ಅವಳ ಬೆರಳಿಗೆ ಬಂದರೆ ದಾರವೇ ತಾನಾಗಿ ನವಿಲಾಗುತ್ತಿತ್ತು, ಬಳ್ಳಿಯಾಗುತ್ತಿತ್ತು. ನನಗೂ ಕಲಿಸಲು ಅವಳು ಮೂರು ಬೇಸಿಗೆ ರಜೆಗಳನ್ನು ವ್ಯಯಮಾಡಿದಳು. ಪಕ್ಕದಲ್ಲಿ ಕೂರಿಸಿಕೊಂಡು ಅವಳು ಹೇಳಿದ್ದೆಲ್ಲ ನನ್ನ ಕೈಯಲ್ಲಿ ತಿರುಗುಮುರುಗಾಗಿ, ದಾರ ಗಂಟಾಗಿ, ಗಂಟು ಕಗ್ಗಂಟಾಗಿ, ಕೊನೆಗೆ ಅವಳೇ ಹಲ್ಲಿನಿಂದ ಕಡಿದು ಬಿಡಿಸಬೇಕಾಗುತ್ತಿತ್ತು.

ಹೀಗಿರುವಾಗ ತುಮಕೂರಿನಿಂದ ನನ್ನನ್ನು ನೋಡಲು ಬಂದರು. ಗಂಡಿನ ತಾಯಿ, ಅಂದರೆ ಮುಂದೆ ನನ್ನ ಅತ್ತೆಯಾದ ಗಂಗಮ್ಮನವರು, ಉಪ್ಪಿಟ್ಟು ಮುಗಿಸಿ ಕೈ ತೊಳೆದು ಬಂದು, “ಹುಡುಗಿಗೆ ಕೈಗೆಲಸ ಏನಾದ್ರೂ ಬರುತ್ತಾ?” ಎಂದು ಕೇಳಿದರು. ಅಮ್ಮ ಒಳಗೆ ಹೋಗಿ ಗಿರಿಜಕ್ಕ ಹೆಣೆದ ನವಿಲಿನ ಮೇಜುಹಾಸನ್ನು ತಂದು ಬಿಚ್ಚಿ ಹರವಿ, “ನಮ್ಮ ಹುಡುಗೀರೇ ಹಾಕಿರೋದು” ಎಂದಳು. ಅಮ್ಮ ಸುಳ್ಳು ಹೇಳಲಿಲ್ಲ. ಬಹುವಚನದ ಮರೆಯಲ್ಲಿ ನಿಂತಳು. ಕೇಳಿದವರು ಅದನ್ನು ಏಕವಚನಕ್ಕೆ ಇಳಿಸಿಕೊಂಡರು. ನಾನು ತಲೆ ತಗ್ಗಿಸಿದೆ. ಅದನ್ನು ನಾಚಿಕೆಯೆಂದುಕೊಂಡು ಎಲ್ಲರೂ ಮೆಚ್ಚಿದರು.

ಮದುವೆಯಾಯಿತು. ಮೇಜುಹಾಸೂ ನನ್ನ ಜೊತೆಗೇ ತುಮಕೂರಿನ ಸದಾಶಿವನಗರದ ಮನೆಗೆ ಬಂದು ರೇಡಿಯೋದ ಮೇಲೆ ಆಸೀನವಾಯಿತು. ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ ಮನೆಗೆ ಬಂದವರು ಮೊದಲು ನೋಡುತ್ತಿದ್ದದ್ದೇ ರೇಡಿಯೋ. ಅದರ ಜೊತೆಗೆ ನವಿಲನ್ನೂ ನೋಡುತ್ತಿದ್ದರು. “ನಮ್ಮ ಸೊಸೆ ಹಾಕಿದ್ದು” ಎಂದು ಅತ್ತೆ ಹೇಳುತ್ತಿದ್ದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಎರಡು ವರ್ಷ ಹೀಗೆ ಕಳೆಯಿತು. ಓದುಗರೇ, ತನ್ನದಲ್ಲದ ಹೊಗಳಿಕೆಯನ್ನು ಕೇಳುತ್ತಾ ಕೂರುವುದು ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಪೇಟೆ ತಿರುಗಿದ ಹಾಗೆ. ಹೆಜ್ಜೆ ಹೆಜ್ಜೆಗೂ ಅದು ನಿಮ್ಮದಲ್ಲವೆಂದು ನಿಮ್ಮ ಕಾಲಿಗೆ ಮಾತ್ರ ಗೊತ್ತಾಗುತ್ತಿರುತ್ತದೆ.

ನನ್ನ ನಾದಿನಿ ಶಾರದೆಯನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಅವಳ ಗಂಡ ಅಲ್ಲಿನ ಕುದುರೆ ಫಾರಂನಲ್ಲಿ ಕೆಲಸ ಮಾಡುತ್ತಿದ್ದರು. ಅವಳು ಆರು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದ ದಿನ, ಮನೆ ತುಂಬ ನೆಂಟರಿರುವಾಗಲೇ ಅತ್ತೆ ಘೋಷಿಸಿದರು: “ಹುಟ್ಟೋ ಮಗೂಗೆ ನಮ್ಮ ಪಾರ್ವತಿ ಉಲ್ಲನ್‌ನಲ್ಲಿ ಒಂದು ಬೊಂಬೆ ಹಾಕ್ಕೊಡ್ತಾಳೆ ಕಣೇ. ಏನ್ ಬೇಕು ಹೇಳು.”

“ಕುದುರೆ ಹಾಕ್ಕೊಡಿ ಅತ್ತಿಗೆ,” ಎಂದಳು ಶಾರದೆ. ಮೊಲ ಕೇಳಬಹುದಾಗಿತ್ತು, ಎರಡು ಕಿವಿ ಇಟ್ಟರೆ ಯಾರಾದರೂ ಒಪ್ಪುತ್ತಾರೆ. ಆನೆ ಕೇಳಬಹುದಾಗಿತ್ತು, ಸೊಂಡಿಲೊಂದಿದ್ದರೆ ಮಿಕ್ಕ ಪಾಪಗಳೆಲ್ಲ ಮಾಫಿ. ಕುದುರೆಗಳನ್ನೇ ದಿನಾ ನೋಡುವ ಮನೆಗೆ, ಒಂದು ಸರಪಳಿ ಕುಣಿಕೆಯೂ ಬಾರದ ನಾನು ಕುದುರೆ ಹೆಣೆಯಬೇಕಾಗಿ ಬಂತು.

ಮಾರನೆಯ ದಿನವೇ ಗಿರಿಜಕ್ಕನಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ವಾರದೊಳಗೆ ಉತ್ತರ ಬಂತು. ನಾನೇ ಹಾಕಿ ಕಳಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ, ನೀನು ಚಿಂತೆ ಮಾಡಬೇಡ ಎಂದು ಬರೆದಿದ್ದಳು. ಅಕ್ಕರೆಯ ಮಾತು. ಆದರೆ ಪತ್ರ ಓದುತ್ತಿದ್ದಂತೆ, ರೇಡಿಯೋದ ಮೇಲಿನ ನವಿಲಿನ ಪಕ್ಕದಲ್ಲಿ ಒಂದು ಕುದುರೆಯೂ ನಿಂತು, ನಾನು ಜನ್ಮವಿಡೀ ಕಾಫಿ ತರಲು ಒಳಗೆ ಓಡುತ್ತಿರುವ ಚಿತ್ರ ಕಣ್ಣಮುಂದೆ ಬಂತು. ಬೇಡವೆಂದು ಬರೆದುಬಿಟ್ಟೆ.

ನಮ್ಮ ಹಿಂದಿನ ಬೀದಿಯಲ್ಲಿ ಖೈರುನ್ನೀಸಾ ಎಂಬಾಕೆ ಇದ್ದರು. ನಮಾಜಿಗೆ ಹಾಕಿಕೊಳ್ಳುವ ಬಿಳಿಯ ದಾರದ ಟೋಪಿಗಳನ್ನು ಹೆಣೆದು ಪೇಟೆಯ ಅಂಗಡಿಗೆ ಕೊಡುತ್ತಿದ್ದರು. ಅವರ ಯಜಮಾನರು ರಶೀದ್ ಸಾಬರು ಜಟಕಾ ಓಡಿಸುತ್ತಿದ್ದರು. ನಲ್ಲಿಯ ಹತ್ತಿರ ಮಾತನಾಡಿ ಮಾತನಾಡಿ ಆಕೆಗೂ ನನಗೂ ಸ್ನೇಹವಿತ್ತು. ಅತ್ತೆ ಮಧ್ಯಾಹ್ನ ಮಠದಲ್ಲಿ ಪುರಾಣ ಕೇಳಲು ಹೋದಾಗ ನಾನು ಉಲ್ಲನ್ ಉಂಡೆಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಅವರ ಜಗಲಿಗೆ ಹೋದೆ. ನಡೆದದ್ದೆಲ್ಲ ಹೇಳಿದೆ, ನವಿಲನ್ನೂ ಮುಚ್ಚಿಡಲಿಲ್ಲ. ಆಕೆ ನಗಲಿಲ್ಲ. “ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ” ಎಂದು ಕಡ್ಡಿ ಕೊಟ್ಟರು.

ಮೂರು ದಿನ ಪಕ್ಕದಲ್ಲಿ ಕೂತೆ. ಮೂರು ದಿನವೂ ಅದೇ ಕಗ್ಗಂಟು. ನಾಲ್ಕನೆಯ ದಿನ ನಾನು ಬೇಸರದಿಂದ, ಬಲಗೈಯಲ್ಲಿದ್ದ ಕಡ್ಡಿಯನ್ನು ಎಡಗೈಗೆ ದಾಟಿಸಿ ದಾರವನ್ನು ಬಿಡಿಸುತ್ತಿದ್ದೆ. ಖೈರುನ್ನೀಸಾ ಅದನ್ನು ಸ್ವಲ್ಪ ಹೊತ್ತು ನೋಡಿ, “ಅರೆ, ನೀವು ಎಡಗೈಯವ್ರಾ? ಮೊದ್ಲೇ ಹೇಳ್ಬಾರ್ದಾ!” ಎಂದು ತಮ್ಮ ಮಣೆಯನ್ನು ಎತ್ತಿ ನನ್ನ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರಕ್ಕೆ ಹಾಕಿಕೊಂಡರು. “ಕಡ್ಡಿ ಆ ಕೈಯಲ್ಲೇ ಇರ್ಲಿ. ಈಗ ಕನ್ನಡಿ ನೋಡ್ದಂಗೆ ನನ್ನ ನೋಡಿ. ನನ್ ಕೈ ಎತ್ತ ಹೋಗುತ್ತೋ ನಿಮ್ ಕೈಯೂ ಅತ್ತ.”

ಅಷ್ಟೇ. ಅವರ ಬಲಗೈ ಕೊಕ್ಕೆಯಲ್ಲಿ ದಾರ ಹಿಡಿದು ಎಳೆಯಿತು, ನನ್ನ ಎಡಗೈ ಎಳೆಯಿತು. ಒಂದು ಕುಣಿಕೆ ಬಂತು. ಅದರೊಳಗಿಂದ ಇನ್ನೊಂದು. ಹನ್ನೆರಡು ಕುಣಿಕೆಯ ಸರಪಳಿಯೊಂದು ನನ್ನ ಬೆರಳಿನಿಂದ ಇಳಿದು ತೊಡೆಯ ಮೇಲೆ ಬಿತ್ತು. ಟೀಚರು, ಅಮ್ಮ, ಅಕ್ಕ ಮೂವರೂ ನನ್ನ ಕೈಯನ್ನು ತಿದ್ದಲು ನೋಡಿದ್ದರು. ಈಕೆ ತಾವು ಕೂರುವ ಜಾಗವನ್ನು ತಿದ್ದಿಕೊಂಡರು. ನನಗೆ ಅಳು ಬಂತು. “ಅಳಬೇಡಿ, ದಾರ ಒದ್ದೆಯಾದ್ರೆ ಕಡ್ಡಿ ಜಾರಲ್ಲ” ಎಂದರು ಖೈರುನ್ನೀಸಾ.

ಆದರೆ ಆಕೆಯೂ ಕುದುರೆ ಹೆಣೆದವರಲ್ಲ. ಗೊತ್ತಿದ್ದದ್ದು ಟೋಪಿ ಒಂದೇ: ನಡುವಿನಿಂದ ಶುರುಮಾಡಿ, ಹೆಣಿಗೆಯ ಒಂದೊಂದು ಕಣ್ಣಿನಲ್ಲಿ ಎರಡೆರಡು ಕುಣಿಕೆ ಹಾಕಿ ಸುತ್ತು ಹಿಗ್ಗಿಸುವುದು, ಸಾಕಾದಾಗ ಹಿಗ್ಗಿಸುವುದನ್ನು ನಿಲ್ಲಿಸಿ ನೇರ ಇಳಿಯುವುದು. ಇಬ್ಬರೂ ಯೋಚಿಸುತ್ತಾ ಕೂತೆವು. ಎರಡು ಪುಟ್ಟ ಟೋಪಿಗಳನ್ನು ಬಾಯಿಗೆ ಬಾಯಿ ಸೇರಿಸಿ ಹೊಲಿದರೆ ಹೊಟ್ಟೆಯಾಗುತ್ತದೆಂದು ಆಕೆಗೆ ಹೊಳೆಯಿತು. ಬೆರಳಿಗೆ ಹಾಕುವಷ್ಟು ಉದ್ದುದ್ದ ಟೋಪಿಗಳಾದರೆ ಕಾಲು ಎಂದು ನನಗೆ ಹೊಳೆಯಿತು. ಹೀಗೆ ಟೋಪಿಗಳನ್ನು ಕೂಡಿಸಿ ಕುದುರೆಯನ್ನು ಸಾಧಿಸಿದೆವು. ಕಾಫಿಪುಡಿ ಬಣ್ಣದ ಉಲ್ಲನ್, ಒಳಗೆ ಬೂರುಗದ ಹತ್ತಿ. ಮೊದಲನೆಯ ಹೊಟ್ಟೆಯ ಹೆಣಿಗೆ ಎಷ್ಟು ಸಡಿಲವಾಗಿತ್ತೆಂದರೆ ಕಣ್ಣುಕಣ್ಣಿನಿಂದಲೂ ಹತ್ತಿ ಹೊರಗೆ ಇಣುಕಿ, ಕುದುರೆಗೆ ಹುಟ್ಟುವ ಮೊದಲೇ ನರೆ ಬಂದಿತ್ತು. ಬಿಚ್ಚಿ ಮತ್ತೆ ಬಿಗಿಯಾಗಿ ಹಾಕಿದೆ.

ವಿಮರ್ಶಕರ ಕೊರತೆಯಿರಲಿಲ್ಲ. ರಶೀದ್ ಸಾಬರು ಊಟಕ್ಕೆ ಬಂದಾಗಲೆಲ್ಲ ಜಟಕಾ ಬಿಚ್ಚಿ, ಕುದುರೆಯನ್ನು ಬೇವಿನ ಮರಕ್ಕೆ ಕಟ್ಟಿ, ನನ್ನ ಕೃತಿಯನ್ನು ಎತ್ತಿ ನೋಡುತ್ತಿದ್ದರು. ತಲೆ ಜೋಡಿಸಿದ ದಿನ ಬಹಳ ಮರ್ಯಾದೆಯಿಂದ, “ತಪ್ಪು ತಿಳ್ಕೋಬೇಡಿ ಅಮ್ಮಾ, ಇದು ಕತ್ತೆ” ಎಂದರು.

“ಯಾಕೆ?” ಎಂದೆ, ಮುಖ ಸಣ್ಣದು ಮಾಡಿಕೊಂಡು.

“ಕಿವಿ ಉದ್ದ ಆಯ್ತು. ಕತ್ತು ಮೇಲಕ್ಕೆ ಎದ್ದಿಲ್ಲ. ಬನ್ನಿ, ನಮ್ಮ ಬಿಜಲೀನ ನೋಡಿ.”

ಬಿಜಲಿ ಅವರ ಕುದುರೆಯ ಹೆಸರು. ಹೆಸರಿಗೆ ಮಿಂಚು, ನಡಿಗೆ ಮಾತ್ರ ಕರೆಂಟು ಹೋದ ದಿನದ್ದು. ಅದರ ಮುಂದೆ ನಿಂತು, ಹುಟ್ಟಿದ ಲಾಗಾಯ್ತು ದಿನಾ ನೋಡಿದ್ದ ಪ್ರಾಣಿಯನ್ನು ಮೊದಲ ಸಲ ನೋಡಿದೆ. ಕಿವಿ ಎಷ್ಟು ಚಿಕ್ಕದು, ಕತ್ತು ಎದೆಯಿಂದ ಹೇಗೆ ಕಮಾನಾಗಿ ಮೇಲೇಳುತ್ತದೆ, ಜೂಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ. ಕತ್ತನ್ನು ಮೂರು ಸಲ ಬಿಚ್ಚಿದೆ. ನಾಲ್ಕನೆಯ ಸಲ ಮೇಲ್ಭಾಗದಲ್ಲಿ ಕಣ್ಣು ಹೆಚ್ಚಿಸಿ ಕೆಳಭಾಗದಲ್ಲಿ ಹಾಗೇ ಬಿಟ್ಟಾಗ, ಕತ್ತು ತಾನಾಗಿ ಬಾಗಿ ತಲೆ ಎತ್ತಿತು. ಮಗು ಬಾಯಿಗೆ ಹಾಕಿಕೊಂಡೀತೆಂದು ಕಣ್ಣಿಗೆ ಗುಂಡಿ ಹೊಲಿಯದೆ ಕಪ್ಪು ದಾರದಲ್ಲೇ ಎರಡು ಕಣ್ಣು ತುಂಬಿದೆ. ಅದು ನನ್ನನ್ನು ನೋಡಿತು. ಸ್ವಲ್ಪ ಮೆಳ್ಳೆಗಣ್ಣು, ಆದರೂ ನೋಡಿತು. ನಿಲ್ಲಿಸಿದರೆ ಮುಂಗಾಲು ಮಡಿಚಿ ಮುಂದಕ್ಕೆ ವಾಲುತ್ತಿತ್ತು, ಆದರೆ ಬೀಳುತ್ತಿರಲಿಲ್ಲ. ರಶೀದ್ ಸಾಬರು ಬಂದು ಬೆನ್ನು ತಟ್ಟಿ, ಬಾಲ ಎಳೆದು ನೋಡಿ, “ಹಾಂ, ಇದು ಕುದುರೆ” ಎಂದರು.

ಅವತ್ತೇ ಸಂಜೆ ಅದನ್ನು ಅತ್ತೆಯ ಮಡಿಲಿಗೆ ಹಾಕಿದೆ. ಅವರು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿ, ರೇಡಿಯೋದ ಕಡೆಗೊಮ್ಮೆ ನೋಡಿ, “ನೀನೇ ಹಾಕಿದ್ದಾ ಇದು?” ಎಂದರು. ದನಿಯಲ್ಲಿ ಅನುಮಾನವಿತ್ತು. ಇರದೆ ಏನು? ಅಂಥ ನವಿಲು ಹೆಣೆದವಳ ಕೈಯಿಂದ ಇಂಥ ಮೆಳ್ಳೆಗಣ್ಣಿನ ಕುದುರೆ ಹೇಗೆ ಬಂದೀತು? ಬಹಳ ದಿನ ಬಿಟ್ಟಿದ್ದೆ, ಕೈ ಹಿಡಿತ ತಪ್ಪಿದೆ ಎಂದು ಹೇಳಿ ಪಾರಾಗಬಹುದಾಗಿತ್ತು. ಆದರೆ ಹಾಗೆಂದರೆ ಈ ಕುದುರೆ ಒಂದು ಕೆಟ್ಟ ಕೆಲಸವಾಗಿಬಿಡುತ್ತಿತ್ತು. ನನ್ನ ಪಾಲಿಗೆ ಅದು ಅಷ್ಟು ವರ್ಷಗಳಲ್ಲಿ ನನ್ನ ಕೈ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ಇದು ನಾನು ಹಾಕಿದ್ದು ಅತ್ತೆ,” ಎಂದೆ. “ಅದು ನಾನು ಹಾಕಿದ್ದಲ್ಲ. ಗಿರಿಜಕ್ಕ ಹಾಕಿದ್ದು.”

ಪತ್ರಿಕೆ ಓದುತ್ತಿದ್ದ ನಮ್ಮವರು ಅದನ್ನು ಇನ್ನೂ ಎತ್ತರಕ್ಕೆ ಹಿಡಿದು ಮರೆಯಾದರು. ಅತ್ತೆ ಕುದುರೆಯನ್ನು ಮೆಲ್ಲಗೆ ಕೆಳಗಿಟ್ಟರು. “ಎರಡು ವರ್ಷ ಬಂದೋರಿಗೆಲ್ಲ ನನ್ ಬಾಯಲ್ಲಿ ಸುಳ್ಳು ಹೇಳಿಸ್ದಲ್ಲೇ” ಎಂದಷ್ಟೇ ಹೇಳಿ ಎದ್ದು ದೇವರ ಕೋಣೆಗೆ ಹೋದರು.

ಮೂರು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ತಪ್ಪು ನನ್ನದೇ ಆಗಿತ್ತು, ನೋವೂ ಆಯಿತು. ಆದರೆ ಆಶ್ಚರ್ಯವೆಂದರೆ, ಬಚ್ಚಲೊಲೆಗೆ ಸೌದೆ ಒಟ್ಟುತ್ತಾ ಒಬ್ಬಳೇ ಕೂತಿರುವಾಗಲೂ ಮನಸ್ಸು ಹಗುರವಾಗಿತ್ತು. ನಾಲ್ಕನೆಯ ದಿನ ಅವರೆಕಾಯಿ ಸುಲಿಯುತ್ತಿದ್ದಾಗ ಅವರೇ ಎದುರಿಗೆ ಬಂದು ಕೂತರು.

“ನಿಮ್ಮಮ್ಮ ಯಾಕೆ ಹಂಗಂದ್ರು?”

“ನನಗೇನೂ ಬರಲ್ಲ ಅಂತ ಗೊತ್ತಾದ್ರೆ ನೀವು ಬೇಡ ಅಂತೀರೇನೋ ಅಂತ ಅತ್ತೆ.”

ಅವರು ನಾಲ್ಕು ಕಾಯಿ ಸುಲಿದರು. “ಅವತ್ತು ನಾನು ಆ ಬಟ್ಟೇನ ಸರಿಯಾಗಿ ನೋಡೇ ಇರ್ಲಿಲ್ಲ ಕಣೇ. ನಿನ್ನ ನೋಡ್ತಾ ಇದ್ದೆ” ಎಂದರು. ಆಮೇಲೆ ಒಳಗಿನಿಂದ ಕುದುರೆಯನ್ನು ತರಿಸಿಕೊಂಡು, ನಾನದನ್ನು ಎಡಗೈಯಲ್ಲಿ ಹಾಕಿದ ಕತೆಯನ್ನೂ ಕೇಳಿಕೊಂಡು, ನಾಲ್ಕೂ ಕಾಲುಗಳನ್ನು ಒಂದೊಂದಾಗಿ ಜಗ್ಗಿ ನೋಡಿ, “ಹೊಲಿಗೆ ಗಟ್ಟಿಯಾಗಿದೆ” ಎಂದು ಒಪ್ಪಿಗೆ ಕೊಟ್ಟರು.

ಶಾರದೆಗೆ ಹೆಣ್ಣು ಮಗುವಾಯಿತು. ಮೂರು ತಿಂಗಳ ಮೇಲೆ ನಾಮಕರಣಕ್ಕೆ ಕುಣಿಗಲ್ಲಿಗೆ ಹೊರಟಾಗ ಬಸ್ಸಿನಲ್ಲಿ ಅತ್ತೆ ಕುದುರೆಯ ಚೀಲವನ್ನು ಮೇಲಿನ ಕಂಬಿಗೆ ಹಾಕಗೊಡದೆ ತೊಡೆಯ ಮೇಲೇ ಇಟ್ಟುಕೊಂಡರು. ಅಲ್ಲಿ ತೊಟ್ಟಿಲ ಸುತ್ತ ಬೀದಿಯ ಹೆಂಗಸರೆಲ್ಲ ನೆರೆದಿದ್ದರು. ಕುದುರೆ ಕೈಯಿಂದ ಕೈಗೆ ದಾಟುತ್ತಾ ಹೋಯಿತು. ನಾನು ಅದರ ಹಾದಿಯನ್ನೇ ನೋಡುತ್ತಿದ್ದೆ. ಶಾರದೆಯ ಓರಗಿತ್ತಿಯೊಬ್ಬಳು ಅದನ್ನು ಮೇಲೆತ್ತಿ, ನಗುತ್ತಾ, “ಕತ್ತೆ ಚೆನ್ನಾಗಿದೆ. ಯಾವ ಅಂಗಡೀದು?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಿರುಗಿದರು. “ಕತ್ತೆಯಂತೆ ಕತ್ತೆ! ಜೂಲು ಕಾಣಲ್ವೇನೇ ನಿಂಗೆ? ಕುದುರೆ ಕಣೇ ಅದು. ಅಂಗಡೀದಲ್ಲ, ನಮ್ಮ ಪಾರ್ವತಿ ಎಡಗೈಲಿ ಹಾಕಿರೋದು. ನಿಮ್ಮಲ್ಲಿ ಯಾರಾದ್ರೂ ಎಡಗೈಲಿ ಒಂದು ಕುಣಿಕೆ ಹಾಕಿ ನೋಡಣ!”

ಯಾರೂ ಮುಂದೆ ಬರಲಿಲ್ಲ. ಶಾರದೆಯ ಗಂಡ, ದಿನವೂ ಕುದುರೆಗಳ ನಡುವೆಯೇ ಇರುವವರು, ಅದನ್ನು ಇಸಿದುಕೊಂಡು ಕತ್ತಿನ ಬಾಗನ್ನು ಹೆಬ್ಬೆರಳಿನಿಂದ ಸವರಿ, ಮಗುವಿನ ಪಕ್ಕದಲ್ಲಿ ಮಲಗಿಸಿದರು. ನಾನು ಒಳಗೆ ಹೋಗಲಿಲ್ಲ. ಕಾಫಿ ಯಾರು ಬೇಕಾದರೂ ತರಲಿ ಎಂದು ಆ ನಡುಮನೆಯ ನಟ್ಟನಡುವೆ ಕೂತೇ ಇದ್ದೆ. ಹೋಳಿಗೆ ಬಡಿಸಲು ಬಂದ ಶಾರದೆ ನನ್ನನ್ನು ನೋಡಿ ಬಗ್ಗಿ ಕಿವಿಯಲ್ಲಿ ಕೇಳಿದಳು: “ಯಾಕತ್ತಿಗೆ ಇಷ್ಟು ನೆಟ್ಟಗೆ ಕೂತಿದೀರ? ಬೆನ್ನು ನೋಯ್ತಾ ಇದ್ಯಾ? ದಿಂಬು ತರ್ಲಾ?”

“ಏನೂ ನೋಯ್ತಿಲ್ಲ,” ಎಂದೆ. “ಇನ್ನೊಂದು ಹೋಳಿಗೆ ಹಾಕು.”